ಜೈಲು ಬರೆದಿಟ್ಟ ವಂಶಾವಳಿ



1828ರ ನವೆಂಬರಿನಲ್ಲಿ ನ್ಯೂ ಸೌತ್ ವೇಲ್ಸ್ ವಸಾಹತಿನ ಸರ್ಕಾರ ತನ್ನ ಜನರನ್ನು ಮೊದಲ ಬಾರಿಗೆ ಸರಿಯಾಗಿ ಎಣಿಸಿತು. ಸಿಕ್ಕ ಲೆಕ್ಕ 36,598. ಅವರಲ್ಲಿ 15,728 ಜನ ಆಗಿನ್ನೂ ಶಿಕ್ಷೆಯಲ್ಲಿದ್ದ ಕೈದಿಗಳು. ಉಳಿದವರಲ್ಲೂ ಬಹಳಷ್ಟು ಮಂದಿ ಶಿಕ್ಷೆ ಮುಗಿಸಿದವರು ಅಥವಾ ಅಂಥವರ ಮಕ್ಕಳು. ಹೆಸರು, ವಯಸ್ಸು, ಧರ್ಮ, ಕಸುಬು, ಜಮೀನು, ದನಕುರಿ ಇವೆಲ್ಲ ಕೇಳಿದ್ದಾಯಿತು. ಇವುಗಳ ನಡುವೆ ಒಂದು ಕಾಲಮ್ಮಿತ್ತು: ಈ ನೆಲಕ್ಕೆ ನೀವು ಬಂದದ್ದು ಹೇಗೆ? ಸ್ವತಂತ್ರವಾಗಿ ಬಂದವರೋ, ಇಲ್ಲೇ ಹುಟ್ಟಿದವರೋ, ಶಿಕ್ಷೆ ಪೂರೈಸಿ ಬಿಡುಗಡೆಯಾದವರೋ, ಕ್ಷಮಾದಾನ ಪಡೆದವರೋ?

ಸಿಡ್ನಿಯ ಶ್ರೀಮಂತ ವಿಧವೆ ಮೇರಿ ರೀಬಿ ಈ ಕಾಲಮ್ಮಿನಲ್ಲಿ ಬರೆಸಿದ್ದು ‘ಸ್ವತಂತ್ರವಾಗಿ ಬಂದವಳು, 1821’ ಎಂದು. ಸರ್ಕಾರಕ್ಕೆ ನಿಜ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಲ್ಯಾಂಕಾಶೈರಿನ ಈ ಹುಡುಗಿ ಹದಿಮೂರನೇ ವಯಸ್ಸಿಗೆ ಗಂಡುಡುಗೆ ತೊಟ್ಟು, ಜೇಮ್ಸ್ ಬರೋ ಎಂಬ ಹೆಸರಿಟ್ಟುಕೊಂಡು, ಕುದುರೆ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದಿದ್ದಳು. ಏಳು ವರ್ಷದ ಗಡೀಪಾರು ಶಿಕ್ಷೆಯಾಗಿ, 1792ರಲ್ಲಿ ‘ರಾಯಲ್ ಅಡ್ಮಿರಲ್’ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದಳು. ಐರಿಷ್ ನಾವಿಕ ಥಾಮಸ್ ರೀಬಿಯನ್ನು ಮದುವೆಯಾದಳು. 1811ರಲ್ಲಿ ಅವನು ತೀರಿಕೊಂಡ ಮೇಲೆ ಏಳು ಮಕ್ಕಳನ್ನೂ ಹಡಗಿನ ವ್ಯಾಪಾರವನ್ನೂ ಒಬ್ಬಳೇ ನಿಭಾಯಿಸಿದಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಾಗಿಲು ತೆರೆದದ್ದು ಅವಳ ಕಟ್ಟಡದಲ್ಲಿಯೇ. 1820ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ತವರೂರು ನೋಡಲು ಇಂಗ್ಲೆಂಡಿಗೆ ಹೋಗಿ, ಮರುವರ್ಷ ಸ್ವಂತ ಖರ್ಚಿನಲ್ಲಿ ಟಿಕೆಟ್ ಕೊಂಡು ವಾಪಸಾದಳು. ಹಾಗಾಗಿ 1821ರಲ್ಲಿ ಆಕೆ ಸ್ವತಂತ್ರಳಾಗಿಯೇ ಬಂದಳು! ಬರೆಸಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ವಕೀಲರೂ ತಲೆದೂಗಬೇಕಾದ ಉತ್ತರ.

ಇಂದು ಆಸ್ಟ್ರೇಲಿಯಾದ ಇಪ್ಪತ್ತು ಡಾಲರ್ ನೋಟಿನ ಮೇಲೆ ಇರುವುದು ಇದೇ ಮೇರಿ ರೀಬಿಯ ಮುಖ. ಮೊಮ್ಮಗನೊಬ್ಬ ಟಾಸ್ಮೇನಿಯಾದ ಪ್ರೀಮಿಯರ್ ಆದ. ಇವತ್ತು ಅವಳ ವಂಶದವರು ‘ನಮ್ಮಜ್ಜಿ ಕೈದಿ’ ಎಂದು ಎದೆತಟ್ಟಿ ಹೇಳುತ್ತಾರೆ. ಅಜ್ಜಿ ಮಾತ್ರ ಅದನ್ನು ಅಳಿಸಲು ತನ್ನ ಕೈಲಾದದ್ದನ್ನೆಲ್ಲ ಮಾಡಿದ್ದಳು. ಈ ಅಳಿಸುವ ಕೈಗೂ ಹುಡುಕುವ ಕೈಗೂ ನಡುವೆ ನಡೆದ ಹಗ್ಗಜಗ್ಗಾಟವೇ ಇಂದಿನ ನನ್ನ ವಿಷಯ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್ ತನ್ನ ಕೈದಿಗಳನ್ನು ಮೊದಲು ಅಮೆರಿಕಕ್ಕೆ ಸಾಗಿಸುತ್ತಿತ್ತು. ಅಮೆರಿಕದ ವಸಾಹತುಗಳು ದಂಗೆಯೆದ್ದ ಮೇಲೆ ಆ ದಾರಿ ಮುಚ್ಚಿತು. ಜೈಲುಗಳು ತುಂಬಿದವು, ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಳೆಯ ಹಡಗುಗಳನ್ನೇ ಜೈಲು ಮಾಡಿದರು, ಅವೂ ತುಂಬಿದವು. 1787ರ ಮೇ 13ರಂದು ಕ್ಯಾಪ್ಟನ್ ಆರ್ಥರ್ ಫಿಲಿಪ್‌ನ ನಾಯಕತ್ವದಲ್ಲಿ ಹನ್ನೊಂದು ಹಡಗುಗಳು ಪೋರ್ಟ್ಸ್‌ಮತ್ತಿನಿಂದ ಹೊರಟು, 1788ರ ಜನವರಿ 26ರಂದು ಸಿಡ್ನಿ ಕೋವ್‌ನಲ್ಲಿ ನೆಲೆ ಹೂಡಿದವು. ಚರಿತ್ರೆ ಇದನ್ನು ‘ಫಸ್ಟ್ ಫ್ಲೀಟ್’ ಎನ್ನುತ್ತದೆ. 1790ರ ಎರಡನೇ ತಂಡದ್ದು ಘೋರ ಕಥೆ. ಗುತ್ತಿಗೆದಾರರಿಗೆ ಹಣ ಸಿಗುತ್ತಿದ್ದದ್ದು ಹತ್ತಿಸಿಕೊಂಡ ತಲೆಗೆ, ಜೀವಂತ ಇಳಿಸಿದ ತಲೆಗಲ್ಲ. ಪರಿಣಾಮವಾಗಿ ನಾಲ್ವರಲ್ಲಿ ಒಬ್ಬರು ದಾರಿಯಲ್ಲೇ ಸತ್ತರು. ಕೊನೆಯ ಕೈದಿ ಹಡಗು ‘ಹೂಗಮಾಂಟ್’ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಮುಟ್ಟಿದ್ದು 1868ರ ಜನವರಿಯಲ್ಲಿ. ಈ ಎಂಬತ್ತು ವರ್ಷಗಳಲ್ಲಿ ಬಂದವರು ಸುಮಾರು 1,62,000 ಮಂದಿ. ಅವರಲ್ಲಿ ಹೆಂಗಸರು 25,000ದಷ್ಟು. ಹೆಚ್ಚಿನವರು ಇಂಗ್ಲಿಷರು, ಐರಿಷರು. ಭಾರತದಲ್ಲಿ ಸೈನಿಕ ನ್ಯಾಯಾಲಯದಿಂದ ಶಿಕ್ಷೆಗೊಳಗಾದ ಬ್ರಿಟಿಷ್ ಸಿಪಾಯಿಗಳೂ ಅವರಲ್ಲಿದ್ದರು.

ಇಷ್ಟು ಜನರ ಸಂತಾನ ನಾಚಿಕೆಪಟ್ಟದ್ದೇಕೆ? ಕೈದಿಗಳು ಬರುತ್ತಿದ್ದ ಕಾಲದಲ್ಲಿ ನಾಚಿಕೆ ಇಷ್ಟು ತೀವ್ರವಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಊರಿಗೆ ಊರೇ ಅದೇ ಆಗಿದ್ದಾಗ ಯಾರು ಯಾರನ್ನು ನೋಡಿ ನಗಬೇಕು? ಆದರೂ ಮೇಲಕ್ಕೇರಿದವರಿಗೆ ಅದು ಚುಚ್ಚುತ್ತಿತ್ತು. ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್ ಎಂಬಾತ ಬ್ಲೂ ಮೌಂಟನ್ಸ್ ದಾಟಿದ ಮೊದಲ ಬಿಳಿಯರಲ್ಲಿ ಒಬ್ಬ, ಮುಂದೆ ದೊಡ್ಡ ರಾಜಕಾರಣಿ, ಸಿಡ್ನಿ ವಿಶ್ವವಿದ್ಯಾಲಯ ಸ್ಥಾಪನೆಯ ರೂವಾರಿ. 1819ರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದಾಗ ಬ್ರಿಟಿಷ್ ಸಂಸದನೊಬ್ಬನ ಕಿರುಹೊತ್ತಗೆಯಲ್ಲಿ ತನ್ನ ತಂದೆಯ ಮೇಲೆ ಹೆದ್ದಾರಿ ದರೋಡೆಯ ಮೊಕದ್ದಮೆಗಳಿದ್ದ ಸಂಗತಿ ಅವನ ಕಣ್ಣಿಗೆ ಬಿತ್ತು. ತಂದೆ ಖುಲಾಸೆಯಾಗಿದ್ದ, ಸ್ವತಂತ್ರನಾಗಿಯೇ ಹಡಗು ಹತ್ತಿದ್ದ, ನಿಜ. ಮಗ ಹೋಗಿ ಜಗಳವಾಡಿ ತಿದ್ದುಪಡಿ ಮಾಡಿಸಿದ. ಅವನ ತಾಯಿ ಕ್ಯಾಥರೀನ್ ಕ್ರೌಲಿ ಮಾತ್ರ ಕೈದಿಯೇ. ಅದನ್ನು ತಿದ್ದುವಂತಿರಲಿಲ್ಲ.

ನಾಚಿಕೆ ನಿಜವಾಗಿ ಬೇರೂರಿದ್ದು ಗಡೀಪಾರು ನಿಲ್ಲಿಸಬೇಕೆಂಬ ಚಳವಳಿಯಿಂದ. ಕೈದಿಗಳೆಂದರೆ ಮೈಯೆಲ್ಲ ಪಾಪ ಎಂದು 1830-40ರ ದಶಕಗಳಲ್ಲಿ ಸಭೆ, ಪತ್ರಿಕೆ, ಚರ್ಚುಗಳಲ್ಲಿ ಎಡೆಬಿಡದೆ ಸಾರಲಾಯಿತು. ಚಳವಳಿ ಗೆದ್ದಿತು. ಆದರೆ ಗೆದ್ದವರ ಬೈಗುಳವನ್ನು ಹೊತ್ತು ಬಾಳಬೇಕಾದವರು ಕೈದಿಗಳ ಮಕ್ಕಳು. ‘ವ್ಯಾನ್ ಡೀಮನ್ಸ್ ಲ್ಯಾಂಡ್’ ಎಂಬ ದ್ವೀಪ ತನ್ನ ಹೆಸರನ್ನೇ ಕಳಚಿ 1856ರಲ್ಲಿ ಟಾಸ್ಮೇನಿಯಾ ಆಯಿತು. ಚಿನ್ನ ಸಿಕ್ಕ ವಿಕ್ಟೋರಿಯಾಕ್ಕೆ ಸಮುದ್ರ ದಾಟಿ ಬರುವ ಹಳೆಯ ಕೈದಿಗಳನ್ನು ತಡೆಯಲು 1852ರಲ್ಲಿ ಕಾಯಿದೆಯೇ ಬಂತು. ದಾಟಿದವರು ಹೆಸರು ಬದಲಿಸಿಕೊಂಡರು. ವಂಶ ಹುಡುಕುವವರಿಗೆ ಇವತ್ತಿಗೂ ದಾರಿ ಕಡಿದುಹೋಗುವ ಜಾಗ ಟಾಸ್ಮೇನಿಯಾ, ವಿಕ್ಟೋರಿಯಾಗಳ ನಡುವಿನ ಆ ಜಲಸಂಧಿ. 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೆಸ್ ಎಂಬ ಮರದ ಅರಮನೆ ಸುಟ್ಟು ಬೂದಿಯಾದಾಗ ಅದರೊಳಗಿದ್ದ 1881ರ ಜನಗಣತಿಯ ಕಾಗದಗಳೂ ಹೋದವು. ದೊಡ್ಡ ಮನೆತನಗಳು ತಮ್ಮ ಹಳೆಯ ಗುಟ್ಟು ಸುಡಲೆಂದೇ ಬೆಂಕಿಯಿಟ್ಟವು ಎಂಬ ಗಾಳಿಮಾತಿಗೆ ಆಧಾರವಿಲ್ಲ. ಆದರೆ ಅಂಥ ಮಾತು ಹುಟ್ಟಿತೆಂಬುದೇ ಊರಿನ ಮನಸ್ಸಿಗೆ ಸಾಕ್ಷಿ.

ಇದರ ಪರಾಕಾಷ್ಠೆ 1938ರಲ್ಲಿ. ವಸಾಹತಿಗೆ ನೂರೈವತ್ತು ತುಂಬಿದ ಸಂಭ್ರಮ. ಫಿಲಿಪ್ ಬಂದಿಳಿದ ದೃಶ್ಯವನ್ನು ಸಿಡ್ನಿಯ ದಡದಲ್ಲಿ ವೇಷ ಕಟ್ಟಿ ಆಡಿ ತೋರಿಸಿದರು. ಅಧಿಕಾರಿಗಳಿದ್ದರು, ನಾವಿಕರಿದ್ದರು, ಧ್ವಜವಿತ್ತು. ಕೈದಿಗಳು ಮಾತ್ರ ಇರಲಿಲ್ಲ! ಕೈದಿಗಳನ್ನು ತಂದಿಳಿಸಿದ ಪ್ರಸಂಗದಲ್ಲಿ ಕೈದಿಗಳೇ ನಾಪತ್ತೆ. ಬದಲಿಗೆ, ದೂರದ ಮೆನಿಂಡಿಯಿಂದ ಮೂಲನಿವಾಸಿಗಳನ್ನು ಕರೆತಂದು, ಅವರು ಒಪ್ಪಲಿ ಬಿಡಲಿ, ದಡದಲ್ಲಿ ಓಡಿಸಿದರು. ಅದೇ ದಿನ, ಅದೇ ನಗರದ ಇನ್ನೊಂದು ಸಭಾಂಗಣದಲ್ಲಿ ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗ್ಯುಸನ್ ಮುಂತಾದ ಮೂಲನಿವಾಸಿ ನಾಯಕರು ‘ಶೋಕ ದಿನ’ ಆಚರಿಸಿದರು. ಈ ಎರಡು ಚಿತ್ರಗಳನ್ನು ಒಟ್ಟಿಗೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಹುಡುಕುವ ಕೆಲಸಕ್ಕೆ ಬರೋಣ. ಸಿಡ್ನಿಯ ಅಥವಾ ಟಾಸ್ಮೇನಿಯಾದ ಹೋಬಾರ್ಟಿನ ಪತ್ರಾಗಾರದಲ್ಲಿ ಕೂತ ವ್ಯಕ್ತಿಗೆ ಮೊದಲು ಹೇಳಿಕೊಡುವ ಪಾಠ, ನಿನ್ನಿಂದ ಶುರುಮಾಡಿ ಹಿಂದಕ್ಕೆ ಹೋಗು ಎಂಬುದು. ಹೆಸರಾಂತ ಕೈದಿಯೊಬ್ಬನನ್ನು ಹಿಡಿದು ಅವನಿಂದ ಕೆಳಗೆ ತನ್ನವರೆಗೆ ಏಣಿ ಕಟ್ಟಹೋದವರು ಹೆಚ್ಚಾಗಿ ಬೇರೆಯವರ ಮನೆಯಂಗಳದಲ್ಲಿ ಇಳಿಯುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಜನನ ಮರಣ ವಿವಾಹಗಳ ಸರ್ಕಾರಿ ನೋಂದಣಿ ಶುರುವಾದದ್ದು 1856ರಲ್ಲಿ. ಅಲ್ಲಿನ ಮರಣಪತ್ರ ನಮ್ಮದರಂತೆ ನಾಲ್ಕು ಸಾಲಿನದಲ್ಲ. ತಂದೆತಾಯಿ, ಹುಟ್ಟಿದೂರು, ಮದುವೆ, ಬದುಕಿರುವ ಮತ್ತು ಸತ್ತ ಮಕ್ಕಳ ಹೆಸರು, ಜೊತೆಗೆ ‘ವಸಾಹತಿನಲ್ಲಿ ಎಷ್ಟು ವರ್ಷದಿಂದ ವಾಸ’ ಎಂಬ ಪ್ರಶ್ನೆ. ಸತ್ತ ವರ್ಷದಿಂದ ಆ ಸಂಖ್ಯೆಯನ್ನು ಕಳೆದರೆ ಬಂದ ವರ್ಷ ಸಿಗಬೇಕು. ಸಿಗುತ್ತದೆ, ಆದರೆ ಉತ್ತರ ಹೇಳಿದವರು ಮಕ್ಕಳಲ್ಲವೇ? ಅಪ್ಪ ಕೈದಿ ಹಡಗಿನಲ್ಲಿ ಬಂದದ್ದು ಅವರಿಗೆ ಗೊತ್ತಿರದೆ ಇರಬಹುದು, ಗೊತ್ತಿದ್ದೂ ಎರಡು ವರ್ಷ ಆಚೀಚೆ ಮಾಡಿರಬಹುದು. ಪಳಗಿದವರು ಈ ಕಾಲಮ್ಮನ್ನು ನಂಬುವುದಿಲ್ಲ, ಬಿಡುವುದೂ ಇಲ್ಲ.

ಇನ್ನೂ ಹಿಂದೆ ಹೋದರೆ ಚರ್ಚಿನ ರಿಜಿಸ್ಟರು. ಅದರಾಚೆ ಜೈಲಿನ ಲೋಕ. ಅಲ್ಲಿ ಮನುಷ್ಯನಿಗೆ ಹೆಸರಿನ ಜೊತೆ ಅಂಟಿಕೊಂಡು ಬರುವುದು ಹಡಗು. ಜಾನ್ ಸ್ಮಿತ್ ಎಂದು ಬರೆದರೆ ಯಾರೆಂದು ಹುಡುಕುವುದು? ಜಾನ್ ಸ್ಮಿತ್, ಇಂಥ ಹಡಗು, ಇಂಥ ವರ್ಷ ಎಂದರೆ ಮಾತ್ರ ಆಳು ಸಿಗುತ್ತಾನೆ. ಸಾಯುವವರೆಗೂ ಸರ್ಕಾರಿ ಕಾಗದದಲ್ಲಿ ಅವನ ಅಡ್ಡಹೆಸರು ಆ ಹಡಗೇ. ಹಡಗು ಗೊತ್ತಾದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಹಡಗಿನ ಕೈದಿಪಟ್ಟಿ, ಅದಕ್ಕೆ ಇಂಡೆಂಟ್ ಎನ್ನುತ್ತಾರೆ. ಅದರಿಂದ ವಿಚಾರಣೆ ನಡೆದ ಊರು, ತಾರೀಖು. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ವಿಚಾರಣೆಯಾಗಿದ್ದರೆ ಪುಣ್ಯ. ಸಾಕ್ಷಿಗಳು ಏನು ಹೇಳಿದರೆಂಬುದು ಅಚ್ಚಾಗಿ ಉಳಿದಿದೆ. ಆಮೇಲೆ ‘ಟಿಕೆಟ್ ಆಫ್ ಲೀವ್’. ಏಳು ವರ್ಷದ ಶಿಕ್ಷೆಯವನು ನಾಲ್ಕು ವರ್ಷ, ಹದಿನಾಲ್ಕರವನು ಆರು, ಜೀವಾವಧಿಯವನು ಎಂಟು ವರ್ಷ ಸರಿಯಾಗಿ ನಡೆದುಕೊಂಡರೆ ಸಿಗುತ್ತಿದ್ದ ಚೀಟಿ ಅದು. ಗೊತ್ತುಮಾಡಿದ ಜಿಲ್ಲೆಯೊಳಗೆ ಸ್ವಂತಕ್ಕೆ ದುಡಿದು ತಿನ್ನಬಹುದು, ಜಿಲ್ಲೆ ದಾಟುವಂತಿಲ್ಲ. ಷರತ್ತಿನ ಕ್ಷಮಾದಾನ ಪಡೆದವನು ಊರೆಲ್ಲ ತಿರುಗಬಹುದು, ಬ್ರಿಟನ್ನಿಗೆ ಮರಳುವಂತಿಲ್ಲ. ಕೊನೆಗೆ ಶಿಕ್ಷೆ ಮುಗಿದವರಿಗೆ ಬಿಡುಗಡೆಪತ್ರ. ಮದುವೆಯಾಗಬೇಕಾದರೂ ಗವರ್ನರ್ ಕಚೇರಿಯ ಅಪ್ಪಣೆ ಬೇಕಿತ್ತು. ಹಡಗು ಹತ್ತುವಾಗ ‘ವಿವಾಹಿತ’ ಎಂದು ಬರೆಸಿದ್ದವನು ಇಲ್ಲಿ ಅರ್ಜಿ ಹಾಕಿದರೆ ಹೆಚ್ಚಾಗಿ ತಿರಸ್ಕಾರವೇ. ಆ ತಿರಸ್ಕಾರದ ಒಂದು ಸಾಲಿನಿಂದಲೇ ಲಿವರ್‌ಪೂಲಿನಲ್ಲೋ ಕಾರ್ಕ್‌ನಲ್ಲೋ ಬಿಟ್ಟುಬಂದ ಹೆಂಡತಿ ಇನ್ನೂರು ವರ್ಷದ ಮೇಲೆ ಮರಿಮಕ್ಕಳಿಗೆ ಪತ್ತೆಯಾಗುತ್ತಾಳೆ.

ಟಾಸ್ಮೇನಿಯಾದ ರಿಜಿಸ್ಟರುಗಳನ್ನು ನೋಡಿ. ಎತ್ತರ, ಮೈಬಣ್ಣ, ತಲೆಯ ಆಕಾರ, ಕೂದಲು, ಗಡ್ಡಮೀಸೆ, ಮುಖ, ಹಣೆ, ಹುಬ್ಬು, ಕಣ್ಣು, ಮೂಗು, ಬಾಯಿ, ಗಲ್ಲ. ಒಂದೊಂದಕ್ಕೂ ಒಂದೊಂದು ಕಾಲಮ್ಮು. ಕೊನೆಯಲ್ಲಿ ವಿಶೇಷ ಗುರುತು: ಸುಟ್ಟ ಗಾಯ, ಮುರಿದ ಬೆರಳು, ಹಚ್ಚೆ. ಹಚ್ಚೆಯಲ್ಲಿ ಲಂಗರು, ಶಿಲುಬೆ, ಮತ್ತೆ ಇಂಗ್ಲಿಷ್ ಅಕ್ಷರಗಳು. ಆ ಅಕ್ಷರಗಳು ಹೆಚ್ಚಾಗಿ ಹೆಂಡತಿ, ಪ್ರಿಯತಮೆ, ಒಡಹುಟ್ಟಿದವರ ಹೆಸರಿನ ಮೊದಲಕ್ಷರಗಳು. ಒಂದೇ ಹೆಸರಿನ ನಾಲ್ವರಲ್ಲಿ ನಮ್ಮವನು ಯಾರೆಂಬುದನ್ನು ತೋಳಿನ ಮೇಲಿನ ಎರಡಕ್ಷರ ಇತ್ಯರ್ಥ ಮಾಡಿದ ಉದಾಹರಣೆಗಳಿವೆ. ಇದನ್ನೆಲ್ಲ ಬರೆದ ಗುಮಾಸ್ತನಿಗೆ ಪ್ರೀತಿಯೂ ಇರಲಿಲ್ಲ, ಕುತೂಹಲವೂ ಇರಲಿಲ್ಲ. ಓಡಿಹೋದರೆ ಹಿಡಿಯಬೇಕಿತ್ತು, ಅಷ್ಟೇ.

ಅದೇ ಹೊತ್ತಿಗೆ ಸ್ವತಂತ್ರವಾಗಿ ಬಂದ ಬಡವನ ಪಾಡೇನು? ಪತ್ರಿಕೆಗಳು ಹಡಗಿನ ಕ್ಯಾಬಿನ್ ಪ್ರಯಾಣಿಕರ ಹೆಸರು ಅಚ್ಚುಹಾಕುತ್ತಿದ್ದವು. ಕೆಳಗಿನ ಅಂತಸ್ತಿನಲ್ಲಿ ಬಂದವರನ್ನು ‘ಮತ್ತು ಇಷ್ಟು ಜನ’ ಎಂದು ಮುಗಿಸುತ್ತಿದ್ದವು. ಸರ್ಕಾರದ ನೆರವಿನಲ್ಲಿ ಬಂದ ವಲಸಿಗರ ಪಟ್ಟಿಗಳಿವೆ, ನಿಜ. ಸ್ವಂತ ದುಡ್ಡಿನಲ್ಲಿ ಬಂದ ಮರ್ಯಾದಸ್ಥ ಬಡಗಿಯೊಬ್ಬನ ಬಗ್ಗೆ ಕೆಲವೊಮ್ಮೆ ಹೆಸರೂ ಸಿಗದು. ಪಕ್ಕದ ಮನೆಯ ಕುರಿಗಳ್ಳನದಾದರೆ ಹುಬ್ಬಿನ ಬಣ್ಣ ಸಿಗುತ್ತದೆ! ಐರ್ಲೆಂಡಿನ ವಿಷಯದಲ್ಲಿ ಈ ವಿಪರ್ಯಾಸ ಇನ್ನೂ ಗಾಢ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ಪತ್ರಾಗಾರ ಸುಟ್ಟುಹೋಯಿತು. ಅಸಂಖ್ಯ ಬಡ ಕುಟುಂಬಗಳ ಹೆಸರು ಅಲ್ಲಿಗೇ ಅಳಿಯಿತು. ಗಡೀಪಾರಾದವರ ಕಡತಗಳು ಬೇರೆ ಕಡೆ ಇದ್ದುದರಿಂದ ಉಳಿದುಕೊಂಡವು. 1988ರಲ್ಲಿ ಐರ್ಲೆಂಡ್ ಸರ್ಕಾರ ಅವುಗಳ ಪ್ರತಿಗಳನ್ನು ಆಸ್ಟ್ರೇಲಿಯಾಕ್ಕೆ ಕಾಣಿಕೆಯಾಗಿ ಕೊಟ್ಟಿತು. ಮನೆಯಲ್ಲಿ ಉಳಿದ ಸಾಧು ಮಗನ ಸುಳಿವಿಲ್ಲ, ಶಿಕ್ಷೆಯಾದ ಮಗನ ಪೂರ್ಣ ವಿವರವಿದೆ.

ನಮ್ಮ ಉತ್ತರ ಕರ್ನಾಟಕದ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಗಳನ್ನು ಹೊಗಳಿ ಹಾಡಿ, ಕಾಳುಕಡಿ ಪಡೆದು ಹೋಗುತ್ತಿದ್ದದ್ದು ನಿಮಗೆ ಗೊತ್ತು. ಕೊಡುವವನ ವಂಶವನ್ನು ಪಡೆಯುವವನು ಹಾಡುತ್ತಾನೆ. ಅದರಲ್ಲಿ ಕಳ್ಳತನದ ಪ್ರಸಂಗ ಬರಲಾರದು. ಆಸ್ಟ್ರೇಲಿಯಾದಲ್ಲಿ ವಂಶ ಬರೆದಿಟ್ಟವನು ಕೋಳ ತೊಡಿಸಿದವನು. ಹಾಗೆಂದು ಅದು ಹೆಚ್ಚು ಸತ್ಯವೆಂದು ನಾನು ಹೇಳುತ್ತಿಲ್ಲ. ಹೊಗಳುಭಟನಿಗೆ ಒಂದು ಹಿತಾಸಕ್ತಿ, ಜೈಲರಿಗೆ ಇನ್ನೊಂದು.

ಜೈಲಿನವರ ಬರವಣಿಗೆ ಎಷ್ಟು ಅಡ್ಡದಾರಿ ಹಿಡಿಸಬಲ್ಲದು ಎಂಬುದಕ್ಕೆ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ 1806ರಲ್ಲಿ ಮಾಡಿದ ಹೆಂಗಸರ ಪಟ್ಟಿ ಸಾಕು. ಆತ ವಸಾಹತಿನ ಹೆಂಗಸರನ್ನು ‘ವಿವಾಹಿತೆ’ ಮತ್ತು ‘ಇಟ್ಟುಕೊಂಡವಳು’ ಎಂದು ಎರಡು ಪಾಲು ಮಾಡಿದ. ಅವನ ಲೆಕ್ಕದಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ವಿಧಿಯಂತೆ ನಡೆದದ್ದು ಮಾತ್ರ ಮದುವೆ. ಕ್ಯಾಥೊಲಿಕ್ ಐರಿಷ್ ಹೆಂಗಸು, ಯಹೂದಿ ಹೆಂಗಸು ಗಂಡನೊಂದಿಗೆ ಎಷ್ಟು ವರ್ಷ ಬಾಳಿದ್ದರೂ ಎರಡನೇ ಪಾಲಿಗೆ. ಆ ಪಟ್ಟಿ ಲಂಡನ್ನಿಗೆ ಹೋಯಿತು. ‘ಆ ವಸಾಹತಿನ ಹೆಂಗಸರೆಲ್ಲ ನಡತೆಗೆಟ್ಟವರು’ ಎಂಬ ಮಾತಿಗೆ ಅದು ಅಂಕಿಅಂಶದ ಆಧಾರ ಕೊಟ್ಟಿತು. ಮುಂದೆ ಇತಿಹಾಸಕಾರರೇ ಅದನ್ನು ನಂಬಿದರು. ಮುತ್ತಜ್ಜಿಯ ಹೆಸರಿನ ಮುಂದೆ ಆ ಶಬ್ದ ಕಂಡು ಮರಿಮೊಮ್ಮಕ್ಕಳು ಮುಖ ತಿರುಗಿಸಿಕೊಂಡರು. ತಪ್ಪು ಮುತ್ತಜ್ಜಿಯದಲ್ಲ, ಪಾದ್ರಿಯದು.

ಆದರೆ ಇದೇ ಕಾಗದಗಳಲ್ಲಿ ಕೆಲವೊಮ್ಮೆ ಬೇರೆಯೇ ಬೆಳಕು ಬೀಳುತ್ತದೆ. ಹೆನ್ರಿ ಕೇಬಲ್, ಸುಸಾನಾ ಹೋಮ್ಸ್ ಇಬ್ಬರೂ ಕಳ್ಳತನಕ್ಕಾಗಿ ಮರಣದಂಡನೆಗೆ ಗುರಿಯಾಗಿ, ಅದು ಗಡೀಪಾರಿಗೆ ಇಳಿದು, ನಾರ್ವಿಚ್ ಜೈಲಿನಲ್ಲಿ ಪರಿಚಯವಾದವರು. ಅಲ್ಲಿಯೇ ಒಂದು ಗಂಡುಮಗು ಹುಟ್ಟಿತು. ತಾಯಿಯನ್ನು ಸಾಗಿಸಲು ಬಂದರಿಗೆ ಕರೆದೊಯ್ದರೆ, ಅಧಿಕಾರಿ ಮಗುವನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕಾಗದದಲ್ಲಿ ಮಗುವಿನ ಹೆಸರಿಲ್ಲ. ಜೊತೆಗೆ ಹೋಗಿದ್ದ ಕಾವಲುಗಾರ ಜಾನ್ ಸಿಂಪ್ಸನ್ ಆ ಕೂಸನ್ನು ಎತ್ತಿಕೊಂಡೇ ಕುದುರೆಗಾಡಿಯಲ್ಲಿ ಲಂಡನ್ನಿಗೆ ಹೋಗಿ, ಗೃಹಮಂತ್ರಿ ಲಾರ್ಡ್ ಸಿಡ್ನಿಯನ್ನು ಕಂಡು, ತಾಯಿ ಮಗು ಮಾತ್ರವಲ್ಲ, ತಂದೆಯೂ ಒಟ್ಟಿಗೆ ಹೋಗಲೆಂಬ ಆದೇಶ ಪಡೆದು ಬಂದ. ಸುದ್ದಿ ಪತ್ರಿಕೆಗಳಲ್ಲಿ ಬಂದು, ಜನ ಮರುಗಿ ಚಂದಾ ಎತ್ತಿ ಅವರಿಗೊಂದು ಗಂಟು ಕಟ್ಟಿಕೊಟ್ಟರು. 1788ರ ಫೆಬ್ರವರಿ 10ರಂದು ಸಿಡ್ನಿಯಲ್ಲಿ ನಡೆದ ಮೊದಲ ಮದುವೆಗಳಲ್ಲಿ ಇವರದೂ ಒಂದು. ಗಂಟು ಮಾತ್ರ ಹಡಗಿನಲ್ಲೇ ಮಾಯವಾಗಿತ್ತು. ಗಂಡಹೆಂಡತಿ ಹಡಗಿನ ಕ್ಯಾಪ್ಟನ್ ಮೇಲೆ ದಾವೆ ಹೂಡಿದರು. ಇಂಗ್ಲೆಂಡಿನ ಕಾನೂನಿನಂತೆ ಮರಣದಂಡನೆಗೆ ಗುರಿಯಾದವರಿಗೆ ದಾವೆ ಹೂಡುವ ಹಕ್ಕೇ ಇಲ್ಲ. ಸಿಡ್ನಿಯ ನ್ಯಾಯಾಲಯ ಅದನ್ನು ನೋಡಿಯೂ ನೋಡದಂತೆ ದಾಟಿಸಿ, ಹದಿನೈದು ಪೌಂಡು ಪರಿಹಾರ ಕೊಡಿಸಿತು. ಆ ಖಂಡದ ಮೊದಲ ಸಿವಿಲ್ ದಾವೆ ಇದು; ಹೂಡಿದವರು ಕೈದಿಗಳು, ಗೆದ್ದವರೂ ಅವರೇ. ದಂಪತಿಗೆ ಹನ್ನೊಂದು ಮಕ್ಕಳಾದರು. ಅವರ ಸಂತತಿ ಇವತ್ತು ಸಾವಿರಾರು.

ಕೈದಿಗಳ ಪಾಲಿಗೆ ಕದ ತೆರೆದ ಗವರ್ನರ್ ಲ್ಯಾಕ್‌ಲನ್ ಮೆಕ್ವಾರಿ ನಮಗೆ ಪೂರ್ತಿ ಅಪರಿಚಿತನಲ್ಲ. ಶ್ರೀರಂಗಪಟ್ಟಣದ 1792ರ ಮುತ್ತಿಗೆಯಲ್ಲೂ, ಟಿಪ್ಪು ಸುಲ್ತಾನ್ ಮಡಿದ 1799ರ ಮುತ್ತಿಗೆಯಲ್ಲೂ ಇದ್ದ ಸೈನ್ಯಾಧಿಕಾರಿ ಅವನು. ಕೊಚ್ಚಿಯಲ್ಲಿ ಗುಲಾಮ ಹುಡುಗನೊಬ್ಬನನ್ನು ಕೊಂಡು, ಜಾರ್ಜ್ ಎಂದು ಹೆಸರಿಟ್ಟು, ತನ್ನ ಮೊದಲ ಹೆಂಡತಿಯ ತವರಿನ ಜಾರ್ವಿಸ್ ಎಂಬ ಮನೆತನದ ಹೆಸರನ್ನು ಅವನಿಗೆ ಹಚ್ಚಿ, ಸಿಡ್ನಿಗೂ ಜೊತೆಗೆ ಕರೆದೊಯ್ದಿದ್ದ. 1810ರಿಂದ 1821ರವರೆಗೆ ಗವರ್ನರ್ ಆಗಿದ್ದ ಮೆಕ್ವಾರಿಯ ನಿಲುವು ಸರಳ: ಶಿಕ್ಷೆ ಮುಗಿದ ಮೇಲೆ ಹಿಂದಿನದನ್ನು ಎತ್ತಬಾರದು. ಮಾಜಿ ಕೈದಿಗಳನ್ನು ಊಟಕ್ಕೆ ಕರೆದ, ಮ್ಯಾಜಿಸ್ಟ್ರೇಟರನ್ನಾಗಿ ಮಾಡಿದ. ದಾಖಲೆ ತಿದ್ದಿದ ಅಪರಾಧಕ್ಕೆ ಗಡೀಪಾರಾಗಿದ್ದ ಫ್ರಾನ್ಸಿಸ್ ಗ್ರೀನ್‌ವೇಯಿಂದ ಕಟ್ಟಡಗಳನ್ನು ಕಟ್ಟಿಸಿದ. ಗ್ರೀನ್‌ವೇ ರೂಪಿಸಿದ ಹೈಡ್ ಪಾರ್ಕ್ ಬ್ಯಾರಕ್ಸ್ ಇಂದು ಯುನೆಸ್ಕೋ ಪಟ್ಟಿಯಲ್ಲಿರುವ ಹನ್ನೊಂದು ಕೈದಿ ತಾಣಗಳಲ್ಲಿ ಒಂದು. 1966ರಲ್ಲಿ ಆಸ್ಟ್ರೇಲಿಯಾ ಡಾಲರ್ ಅಚ್ಚುಹಾಕಿದಾಗ ಹತ್ತರ ನೋಟಿನ ಮೇಲೆ ಬಂದದ್ದು ಈ ಖೋಟಾ ಸಹಿಗಾರನ ಮುಖ. ರಿಸರ್ವ್ ಬ್ಯಾಂಕಿನವರಿಗೂ ಹಾಸ್ಯಪ್ರಜ್ಞೆ ಇರುತ್ತದೆ ಎನ್ನೋಣ.

ಮೆಕ್ವಾರಿ ಮಾಡಿದ ಇನ್ನೊಂದು ಕೆಲಸ ಅಷ್ಟು ನಗುವಂಥದ್ದಲ್ಲ. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ‘ನಾಗರಿಕ’ರನ್ನಾಗಿ ಮಾಡಲು 1814ರಲ್ಲಿ ಪ್ಯಾರಮಾಟಾದಲ್ಲಿ ಒಂದು ಶಾಲೆ ಸ್ಥಾಪಿಸಿದ. ಅಲ್ಲಿ ಓದಿದ ಮರಾಯ ಎಂಬ ಹುಡುಗಿ ಯಾರಮಂಡಿ ಎಂಬ ಮುಖಂಡನ ಮಗಳು. 1819ರ ಪರೀಕ್ಷೆಯಲ್ಲಿ ನೂರರಷ್ಟು ಬಿಳಿಯ ಮಕ್ಕಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಪಡೆದಳು. 1824ರಲ್ಲಿ ರಾಬರ್ಟ್ ಲಾಕ್ ಎಂಬ ಕೈದಿ ಬಡಗಿಯನ್ನು ಮದುವೆಯಾದಳು. ಮೂಲನಿವಾಸಿ ಮತ್ತು ಬಿಳಿಯರ ನಡುವೆ ವಸಾಹತಿನ ಸರ್ಕಾರ ಅಧಿಕೃತವಾಗಿ ಒಪ್ಪಿದ ಮೊದಲ ವಿವಾಹ ಅದು. ಕೈದಿಯನ್ನು ಯಾರಾದರೂ ಒಡೆಯರ ಸುಪರ್ದಿಗೆ ಒಪ್ಪಿಸಬೇಕಲ್ಲ, ರಾಬರ್ಟನನ್ನು ಹೆಂಡತಿಯ ಸುಪರ್ದಿಗೇ ಒಪ್ಪಿಸಿದರು! 1831ರಲ್ಲಿ ಮರಾಯ ಗವರ್ನರಿಗೆ ಅರ್ಜಿ ಬರೆದಳು: ತೀರಿಹೋದ ಸೋದರ ಕೋಲ್ಬಿಗೆ ಬ್ಲ್ಯಾಕ್‌ಟೌನ್ ಬಳಿ ಕೊಟ್ಟಿದ್ದ ಮೂವತ್ತು ಎಕರೆ ತನಗೆ ಬರಬೇಕೆಂದು. ಅದು ಕೈಸೇರಿದ್ದು 1843ರಲ್ಲಿ. ಅವಳ ಜನರದೇ ಆಗಿದ್ದ ಭೂಮಿಯಲ್ಲಿ ಮೂವತ್ತು ಎಕರೆಗೆ ಹನ್ನೆರಡು ವರ್ಷದ ಅಲೆದಾಟ. ಇಂದಿನ ಎಷ್ಟೋ ದಾರುಗ್ ಮೂಲನಿವಾಸಿ ಕುಟುಂಬಗಳು ತಮ್ಮ ಮೂಲವನ್ನು ಮರಾಯಳಿಗೆ ಜೋಡಿಸುತ್ತವೆ. ಅವರ ಒಂದು ಕೊಂಬೆ ಇನ್ನೂರು ಮುನ್ನೂರು ವರ್ಷಕ್ಕೆ ನಿಲ್ಲುವುದಿಲ್ಲ. ಇನ್ನೊಂದು ಕೊಂಬೆ ಕೈದಿ ಹಡಗಿಗೆ ಹೋಗಿ ಮುಟ್ಟುತ್ತದೆ.

ಮರಾಯಳ ಹೆಸರು ಉಳಿದದ್ದು ಅವಳು ಬಿಳಿಯರ ಶಾಲೆಗೆ, ಚರ್ಚಿಗೆ, ಕಚೇರಿಗೆ ಹೋದದ್ದರಿಂದ. ಹೋಗದವರ ಕಥೆ? ಫ್ಲೀಟ್ ಬಂದ ಮರುವರ್ಷವೇ, 1789ರಲ್ಲಿ, ಸಿಡ್ನಿಯ ಸುತ್ತ ಸಿಡುಬು ಹರಡಿ ಮೂಲನಿವಾಸಿಗಳ ಗುಂಪುಗಳಿಗೆ ಗುಂಪುಗಳೇ ನಾಶವಾದವು. ಅವರ ಹುಬ್ಬಿನ ಬಣ್ಣ ಬರೆದಿಡುವ ಗುಮಾಸ್ತನಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಸರ್ಕಾರವೇ ಮಕ್ಕಳನ್ನು ಕಿತ್ತು ಸಾಕುಮನೆಗಳಿಗೆ ಹಾಕಿದಾಗ ಹೆಸರುಗಳೇ ಬದಲಾದವು. 1930ರ ದಶಕದಲ್ಲಿ ನಾರ್ಮನ್ ಟಿಂಡೇಲ್ ಎಂಬ ಮಾನವಶಾಸ್ತ್ರಜ್ಞ ಮಿಷನ್ನುಗಳನ್ನು ಸುತ್ತಿ, ಜನರ ಮೈ ಅಳೆದು, ಫೋಟೊ ತೆಗೆದು, ವಂಶವೃಕ್ಷ ಬರೆದುಕೊಂಡ. ಅವನ ಉದ್ದೇಶ ಜನಾಂಗವಿಜ್ಞಾನ. ಇವತ್ತು ಅದೇ ಹಾಳೆಗಳನ್ನು ಹಿಡಿದು ಆ ಜನರ ಮೊಮ್ಮಕ್ಕಳು ಅಜ್ಜಿಯ ಊರು ಹುಡುಕುತ್ತಾರೆ. ಮೂಲನಿವಾಸಿಗಳ ಭೂಹಕ್ಕನ್ನು ಒಪ್ಪಿದ 1992ರ ಮಾಬೊ ತೀರ್ಪಿನ ನಂತರ ಆ ಹಕ್ಕು ಕೇಳಲು ಪೂರ್ವಜರಿಂದ ತಮ್ಮವರೆಗಿನ ಸಂಬಂಧವನ್ನು ನ್ಯಾಯಾಲಯದಲ್ಲಿ ತೋರಿಸಬೇಕು. ಕೈದಿಯ ಮರಿಮಗನಿಗೆ ವಂಶಾವಳಿ ಬಿಡುವಿನ ಹವ್ಯಾಸ. ಇವರಿಗೆ ಅದು ಕೋರ್ಟಿನಲ್ಲಿ ಹಾಜರುಪಡಿಸುವ ಪುರಾವೆ.

1960ರ ದಶಕದಿಂದ ಗಾಳಿ ತಿರುಗಿತು. ಮೊದಲ ತಂಡದವರ ವಂಶಸ್ಥರು 1968ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ವಂಶವನ್ನು ದಾಖಲೆಯಿಂದ ಸಾಬೀತುಪಡಿಸಿದವರಿಗೆ ಅಲ್ಲಿ ಸದಸ್ಯತ್ವ. ತಲೆಮರೆಸಿಕೊಂಡಿದ್ದ ಕೈದಿ ಈಗ ಬೇಕೇಬೇಕಾದ ನೆಂಟ. ಇದಕ್ಕೆ ಮೇರಿ ವೇಡ್ ಒಳ್ಳೆಯ ಉದಾಹರಣೆ. ಲಂಡನ್ನಿನ ಬೀದಿ ಹುಡುಗಿ, ಹನ್ನೊಂದರ ಆಸುಪಾಸು. ಎಂಟು ವರ್ಷದ ಇನ್ನೊಬ್ಬ ಹುಡುಗಿಯ ಮೈಮೇಲಿನ ಫ್ರಾಕು, ಹೆಗಲ ವಸ್ತ್ರ, ಟೊಪ್ಪಿಗೆ ಕಸಿದದ್ದಕ್ಕೆ 1789ರ ಜನವರಿಯಲ್ಲಿ ಓಲ್ಡ್ ಬೈಲಿ ಅವಳಿ‌ಗೆ ಗಲ್ಲು ವಿಧಿಸಿತು. ಹುಚ್ಚು ಹಿಡಿದಿದ್ದ ದೊರೆ ಮೂರನೇ ಜಾರ್ಜ್ ಗುಣಮುಖನಾದ ಸಂತೋಷಕ್ಕೆ ಶಿಕ್ಷೆ ಗಡೀಪಾರಾಯಿತು. 1859ರಲ್ಲಿ ಅವಳು ಸಾಯುವ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ವಂಶಸ್ಥರು ಬದುಕಿದ್ದರು. ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ಸಂತತಿಯವರೇ.

ಅಭಿಮಾನ ಪಡಲಿ, ತಪ್ಪಿಲ್ಲ. ಆದರೆ ಒಂದು ಲೆಕ್ಕ ಹೇಳುತ್ತೇನೆ. ಏಳು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬನಿಗೂ 128 ಪೂರ್ವಜರ ಜಾಗಗಳಿರುತ್ತವೆ. ಅವುಗಳಲ್ಲಿ ಒಂದನ್ನು ಎತ್ತಿ ‘ನಾನು ಇವಳ ವಂಶ’ ಎನ್ನುವುದು ರಕ್ತದ ಮಾತಲ್ಲ, ಆಯ್ಕೆಯ ಮಾತು. ನೂರು ವರ್ಷ ಹಿಂದಿನವರು ಕೈದಿಯನ್ನು ಬಿಟ್ಟು ಕ್ಯಾಪ್ಟನ್ನನನ್ನು ಆರಿಸಿಕೊಂಡರು. ಈಗಿನವರು ಕ್ಯಾಪ್ಟನ್ನನನ್ನು ಬಿಟ್ಟು, ಫ್ರಾಕು ಕದ್ದ ಹುಡುಗಿಯನ್ನು ಆರಿಸಿಕೊಳ್ಳುತ್ತಾರೆ. ಅನ್ಯಾಯಕ್ಕೊಳಗಾದ ಅಜ್ಜಿ ಎಲ್ಲರಿಗೂ ಬೇಕು. ಬಿಡುಗಡೆಯಾದ ಮೇಲೆ ಅದೇ ಕೈದಿ ಮೂವತ್ತು ಎಕರೆ ಮಂಜೂರು ಮಾಡಿಸಿಕೊಂಡನಲ್ಲ, ಆ ಮೂವತ್ತು ಎಕರೆ ಯಾರದಾಗಿತ್ತು? ಮಂಜೂರಾತಿ ಪತ್ರ ಅದೇ ಪತ್ರಾಗಾರದಲ್ಲಿದೆ, ಬಿಡುಗಡೆಪತ್ರದ ಪಕ್ಕದ ಕಪಾಟಿನಲ್ಲಿ. 1938ರ ವೇಷಧಾರಿಗಳು ಕೈದಿಗಳನ್ನು ಬಿಟ್ಟರು, ದಡದಲ್ಲಿದ್ದವರನ್ನು ಓಡಿಸಿದರು. ಮೊದಲನೆಯ ಲೋಪವನ್ನು ಮೊಮ್ಮಕ್ಕಳು ಸರಿಪಡಿಸಿದ್ದಾರೆ. ಎರಡನೆಯದು ಬಾಕಿಯಿದೆ ಎಂಬುದು ನನ್ನ ತೀರ್ಪು.

ಮುಗಿಸುವ ಮುನ್ನ, ಈ ಸಭೆಯಲ್ಲಿರುವ ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಇದೇ ಬ್ರಿಟಿಷ್ ಆಡಳಿತ ನಮ್ಮವರನ್ನೂ ಕರಿನೀರು ದಾಟಿಸಿತು. 1825ರಿಂದ 1873ರವರೆಗೆ ಸಿಂಗಾಪುರ ಭಾರತದ ಕೈದಿಗಳ ನೆಲೆಯಾಗಿತ್ತು. ಅಲ್ಲಿನ ಸೇಂಟ್ ಆಂಡ್ರೂಸ್ ಕೆಥೀಡ್ರಲ್ ಕಟ್ಟಿದ್ದು ಅವರ ಕೈಗಳು. 1837ರ ಅಮರ ಸುಳ್ಯ ದಂಗೆಯಲ್ಲಿ ಸೆರೆಸಿಕ್ಕ ಕೆಲವರನ್ನು ಅಲ್ಲಿಗೇ ಗಡೀಪಾರು ಮಾಡಲಾಯಿತು. 1858ರಿಂದ ಅಂಡಮಾನ್ ಆಯಿತು. ಅಲ್ಲಿ ನೆಲೆನಿಂತ ಕೈದಿಗಳ ಸಂತತಿ ಇಂದಿಗೂ ‘ಲೋಕಲ್ ಬಾರ್ನ್’ ಎಂದು ಗುರುತಿಸಿಕೊಳ್ಳುತ್ತದೆ. ಹೆಸರಾಂತ ಬಂಡಾಯಗಾರರ ಬಗ್ಗೆ ನಾವು ಪುಸ್ತಕ ಬರೆದಿದ್ದೇವೆ. ಕೊಡಗಿನಿಂದ, ಕೆನರಾದಿಂದ, ಧಾರವಾಡ, ಬಳ್ಳಾರಿ ಜಿಲ್ಲೆಗಳಿಂದ ಕೊಲೆ, ಕಳವು, ದರೋಡೆಯ ಆರೋಪ ಹೊತ್ತು ಹಡಗು ಹತ್ತಿದ ಸಾಮಾನ್ಯರನ್ನು ಯಾರೂ ಕೇಳಿಲ್ಲ. ಮದ್ರಾಸ್ ಮತ್ತು ಬೊಂಬಾಯಿ ಪ್ರೆಸಿಡೆನ್ಸಿಗಳ ನ್ಯಾಯಾಂಗ ಇಲಾಖೆಯ ಕಡತಗಳು ಚೆನ್ನೈ, ಮುಂಬಯಿ, ಲಂಡನ್ನುಗಳಲ್ಲಿವೆ. ಪಿಎಚ್‌ಡಿಗೆ ವಿಷಯ ಸಿಗುತ್ತಿಲ್ಲ ಎನ್ನುವವರು ದಯವಿಟ್ಟು ಅಲ್ಲಿಂದ ಶುರುಮಾಡಿ.